ಅಕ್ಕ ಕೋಟೆ ಬಾಗಿಲು ತೆಗೆಯಬೇಕಾ, ಬೇಡವಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯವಳು. ಕಲ್ಪನಾ ಲೋಕದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಆ ನಾಡಿನಲ್ಲಿ ಬಹಳ ವರ್ಷಗಳಿಂದ ಯುದ್ಧ ನಡೆಯುತ್ತಿದೆ. ಗಡಿಯಲ್ಲಿರುವ ಬೆಟ್ಟದ ಕೋಟೆಯೊಂದಕ್ಕೆ ನನ್ನ ಕಥೆಯ ಅಕ್ಕ ಒಡತಿ. ಅಪ್ಪ ಸತ್ತ ಮೇಲೆ ಪ್ರಮಾಣದ ಕಲ್ಲು ಮುಟ್ಟಿ, ಕೋಟೆ ಕಾಯುತ್ತೇನೆ ಅಂತ ಮಹಾರಾಜನಿಗೆ ಮಾತು ಕೊಟ್ಟಿದ್ದಾಳೆ. ಮಾತು ತಪ್ಪಿದವರು ಕಲ್ಲಾಗುತ್ತಾರೆ, ಅದು ಆ ಲೋಕದ ಮಂತ್ರ. ಕೊನೆಗೆ ಶತ್ರುಗಳು ಮುತ್ತಿಗೆ ಹಾಕುತ್ತಾರೆ. ಚಿಕ್ಕಂದಿನಲ್ಲೇ ಕಾಣೆಯಾಗಿದ್ದ ತಮ್ಮ ಅವರ ದಂಡಿನ ಮುಂದೆ ನಿಂತಿರುತ್ತಾನೆ. ಸಂಜೆಯೊಳಗೆ ಬಾಗಿಲು ತೆಗೆಯದಿದ್ದರೆ ಅವನ ತಲೆ ಹೋಗುತ್ತದೆ. ಮೂರು ಅಧ್ಯಾಯ ಓದಿದ ಗೆಳತಿಯರೆಲ್ಲ ‘ತೆಗೀಬೇಕಪ್ಪ, ಇದರಲ್ಲಿ ಯೋಚನೆ ಮಾಡೋಕೇನಿದೆ’ ಅಂತಾರೆ. ಓದುವವರಿಗೆ ಎದೆ ಹಿಂಡಬೇಕು ಅಂತ ನನ್ನ ಆಸೆ. ಎಲ್ಲಿ ತಪ್ಪಿದೆ? ಅವಳು ಕೊನೆಗೆ ಏನು ಮಾಡಬೇಕು?

ಉತ್ತರ: ನೀವು ಕಳಿಸಿದ ಮೂರೂ ಅಧ್ಯಾಯ ಓದಿದೆ. ಇಷ್ಟವಾಯಿತು. ಅದಕ್ಕೇ ಉದ್ದ ಉತ್ತರ ಬರೆಯುತ್ತಿದ್ದೇನೆ. ನಿಮ್ಮ ಗೆಳತಿಯರು ಹೇಳಿದ್ದರಲ್ಲಿ ತಪ್ಪಿಲ್ಲ. ನೀವು ಬರೆದಿರುವ ಹಾಗೆ ನೋಡಿದರೆ ನಾನೂ ‘ತೆಗಿ’ ಅಂತಲೇ ಹೇಳುತ್ತೇನೆ.

ಯಾಕೆ ಅಂದರೆ ತಮ್ಮನಿಗೆ ನೀವು ಎಲ್ಲ ಕೊಟ್ಟಿದ್ದೀರಿ. ಅವನ ನಗು ಇದೆ, ಹುಣಸೆ ಮರದಿಂದ ಬಿದ್ದು ಆದ ಗಾಯದ ಗುರುತಿದೆ, ಅಕ್ಕನ ಸೆರಗು ಹಿಡಿದು ಮಲಗಿದ ರಾತ್ರಿ ಇದೆ. ಮಹಾರಾಜನಿಗೆ ಏನು ಕೊಟ್ಟಿದ್ದೀರಿ? ಒಂದು ಮುದ್ರೆ, ಒಂದು ಓಲೆ, ‘ನಾಡಿನ ಮಾನ’ ಅನ್ನುವ ಎರಡು ಪದ. ಒಂದು ಕಡೆ ಜೀವಂತ ಹುಡುಗ, ಇನ್ನೊಂದು ಕಡೆ ಬರೀ ಮಾತು. ಹೀಗೆ ತೂಗಿದರೆ ಹುಡುಗನೇ ಗೆಲ್ಲುತ್ತಾನೆ, ಗೆಲ್ಲಲೇಬೇಕು. ಕರ್ತವ್ಯ ಅನ್ನುವುದು ಓದುವವರ ಕಣ್ಣಿಗೆ ಕಾಣಬೇಕಾದರೆ ಅದಕ್ಕೂ ಮುಖ, ಹಸಿವು, ಸಾಲ ಇರಬೇಕು.

ಸಾಲ ಅಂದೆ. ನಮ್ಮ ಹಿಂದಿನವರು ಒಡೆಯನ ಋಣವನ್ನು ನೋಡುತ್ತಿದ್ದದ್ದೇ ಹಾಗೆ. ಜೋಳದ ಪಾಳಿ ಅಂತ ಕೇಳಿರುತ್ತೀರಿ. ಯಾರ ಜೋಳ ತಿಂದು ಬದುಕಿದೆಯೋ ಅವನಿಗಾಗಿ ಯುದ್ಧದಲ್ಲಿ ನಿಲ್ಲುವುದು. ಅದು ಮನೆಯ ಮಕ್ಕಳು ಉಂಡ ಊಟದ ಲೆಕ್ಕ. ನಮ್ಮ ಶಾಸನಗಳಲ್ಲಿ ಇನ್ನೊಂದು ವಿಷಯ ಬರುತ್ತದೆ, ನೆತ್ತರುಗೊಡಗೆ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿ ಅದು. ಅಪ್ಪ ಕಾದಾಡಿ ಸತ್ತ, ಅದಕ್ಕೆ ಮಗ ಉಳುವ ಹೊಲ ಬಂತು. ಈಗ ಹೇಳಿ, ಆ ಹೊಲದಲ್ಲಿ ಬೆಳೆದ ಕಾಳು ತಿನ್ನುವವನಿಗೆ ಕರ್ತವ್ಯ ಬೇರೆ, ಮನೆ ಬೇರೆ ಅಂತ ಗೆರೆ ಎಳೆಯಲು ಬರುತ್ತದಾ? ಅವನ ಮನೆ ನಿಂತಿರುವುದೇ ಅಪ್ಪನ ಸಾವಿನ ಮೇಲೆ, ಒಡೆಯ ಕೊಟ್ಟ ಮಣ್ಣಿನ ಮೇಲೆ.

ನಿಮ್ಮ ಅಕ್ಕನಿಗೆ ಬೇಕಾಗಿರುವುದು ಇದೇ. ಅವಳ ಅಪ್ಪ ಕಾಯಿಲೆಯಿಂದ ಸತ್ತ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಬೇಡ. ಅಜ್ಜ ಯಾವ ಬಾಗಿಲಲ್ಲಿ ಸತ್ತ, ಅವನ ಸಾವಿಗೆ ಯಾವ ಕೆರೆಯ ಕೆಳಗಿನ ಗದ್ದೆ ಬಂತು, ಬರಗಾಲದಲ್ಲಿ ಮಹಾರಾಜನ ಕಣಜದಿಂದ ಎಷ್ಟು ಗಾಡಿ ಕಾಳು ಈ ಬೆಟ್ಟ ಹತ್ತಿತು, ಅದನ್ನು ಉಂಡು ಉಳಿದ ಕೂಸುಗಳಲ್ಲಿ ಈ ತಮ್ಮನೂ ಇದ್ದನಾ? ಇದ್ದ ಅಂತ ಬರೆಯಿರಿ. ಆಗ ಅವಳು ತಮ್ಮನ ಮುಖ ನೋಡುವಾಗಲೇ ರಾಜನ ಋಣವೂ ಕಾಣುತ್ತದೆ.

ಇನ್ನು ತಮ್ಮ. ನನ್ನ ದೊಡ್ಡ ತಕರಾರು ಇಲ್ಲಿದೆ.

ಅವನನ್ನು ಬರೀ ಒತ್ತೆಯಾಳು ಮಾಡಿದ್ದೀರಿ. ಕತ್ತಿನ ಮೇಲೆ ಕತ್ತಿ, ಕಣ್ಣಲ್ಲಿ ನೀರು. ಆದರೆ ಪ್ರಶ್ನೆಯಲ್ಲಿ ನೀವೇ ಬರೆದಿದ್ದೀರಿ, ಚಿಕ್ಕಂದಿನಲ್ಲೇ ಕಾಣೆಯಾದವನು ಅಂತ. ಅಲ್ಲಿಂದ ಇಲ್ಲಿಯವರೆಗೆ ಅವನಿಗೆ ಊಟ ಹಾಕಿದವರು ಯಾರು? 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಗೆ ಹೋದಾಗ ನಡೆದದ್ದನ್ನು ಹಳೆಯ ಗೆಜೆಟಿಯರ್‌ನಲ್ಲಿ ಓದಿದರೆ ಮೈ ಜುಂ ಅನ್ನುತ್ತದೆ. ಇಲ್ಲಿನ ಬೇಡರಲ್ಲಿ 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು ಅಂತ ಅದರಲ್ಲಿದೆ. ನಾಯಕನ ಮೇಲಿನ ಅವರ ನಿಷ್ಠೆಯಿಂದಲೇ ಯುದ್ಧ ಅಷ್ಟು ಎಳೆಯಿತು, ಆ ಬಲ ಮುರಿಯಬೇಕಿತ್ತು ಅಂತ ಕಾರಣವನ್ನೂ ಕೊಟ್ಟಿದೆ. ವಯಸ್ಸಿಗೆ ಬಂದ ಹುಡುಗರನ್ನು ಮತಾಂತರ ಮಾಡಿ, ಚೇಲಾ ಅನ್ನುವ ದಳಗಳನ್ನು ಕಟ್ಟಿದರು. ಮುಂದಿನ ಯುದ್ಧಗಳಲ್ಲಿ ಆ ದಳಗಳು ಹೈದರಾಲಿಗೆ ತುಂಬಾ ಉಪಯೋಗಕ್ಕೆ ಬಂದವು ಅಂತಲೂ ಅಲ್ಲೇ ಇದೆ.

ಸ್ವಲ್ಪ ನಿಂತು ಯೋಚಿಸಿ. ತನ್ನ ಊರಿನ ಕೋಟೆ ಬಿದ್ದದ್ದನ್ನು ನೋಡಿದ ಹುಡುಗ, ಅದನ್ನು ಬೀಳಿಸಿದವನ ಅನ್ನ ಉಂಡು ಬೆಳೆದು, ಅವನ ಬಾವುಟದ ಕೆಳಗೆ ಕಾದಾಡುತ್ತಾನೆ. ಅವನ ಪಕ್ಕದಲ್ಲಿ ಕಾದಾಡುವವರೂ ಹಾಗೇ ಬಂದ ಹುಡುಗರು. ಹೊತ್ತಿಗೆ ಊಟ, ಕೈಗೆ ಆಯುಧ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಜೊತೆಗಾರ, ಎಲ್ಲ ಸಿಕ್ಕಿದ್ದು ಅಲ್ಲೇ. ಅವನ ಮನೆ ಯಾವುದು? ಅವನ ಮೇಲೂ ಜೋಳದ ಪಾಳಿ ಇದೆ ಅಲ್ವಾ? ನಿಮ್ಮ ತಮ್ಮನನ್ನು ಹೀಗೆ ಬರೆಯಿರಿ. ಕತ್ತಿನ ಮೇಲಿನ ಕತ್ತಿ ತೆಗೆದುಬಿಡಿ. ಅವನು ತಾನಾಗೇ ಬಂದಿರಲಿ, ತನ್ನ ದಂಡಿನ ಸಾವಿರ ಹುಡುಗರು ಈ ಗೋಡೆ ಹತ್ತಲು ಹೋಗಿ ಸಾಯಬಾರದು ಅಂತ ಬಂದಿರಲಿ. ಬಾಗಿಲು ತೆಗೆಸಿಕೊಂಡು ಬರುತ್ತೇನೆ ಅಂತ ತನ್ನ ಒಡೆಯನಿಗೆ ಮಾತು ಕೊಟ್ಟು, ಅದಕ್ಕೆ ತಲೆಯನ್ನೇ ಪಣ ಇಟ್ಟಿರಲಿ. ಈಗ ಬಾಗಿಲ ಎರಡೂ ಕಡೆ ಒಂದೊಂದು ಪ್ರಮಾಣ, ಎರಡೂ ಕಡೆ ಮನೆ. ಅಕ್ಕನದು ಕರ್ತವ್ಯ, ತಮ್ಮನದು ರಕ್ತಸಂಬಂಧ ಅಂತ ಹಂಚಿಕೊಟ್ಟರೆ ಕಥೆ ತೆಳುವಾಗುತ್ತದೆ. ಇಬ್ಬರಿಗೂ ಎರಡನ್ನೂ ಕೊಡಬೇಕು.

ಸಣ್ಣವರನ್ನು ಒತ್ತೆ ಇಡುವುದು ಬೇರೆಯೇ ವಿಷಯ, ಅದಕ್ಕೂ ನಿಮ್ಮ ಕಥೆಯಲ್ಲಿ ಜಾಗ ಇದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಅದು ತೀರುವ ತನಕ ಇಬ್ಬರು ಮಕ್ಕಳನ್ನು ಇಂಗ್ಲಿಷರ ವಶಕ್ಕೆ ಕೊಟ್ಟ. ಮಕ್ಕಳು ವಾಪಸ್ ಬಂದದ್ದು 1794ರಲ್ಲಿ. ಇಲ್ಲಿ ತಂದೆಯ ಪ್ರೀತಿಯನ್ನೇ ಜಾಮೀನು ಮಾಡಿಕೊಂಡರು. ರಾಜಕಾರಣ ಮನೆಯೊಳಗೆ ನುಗ್ಗುವುದು ಹೀಗೆ. ನಿಮ್ಮ ಮಹಾರಾಜನೂ ಅಕ್ಕನಿಂದ ಏನೋ ಒಂದನ್ನು ಜಾಮೀನು ಇಟ್ಟುಕೊಂಡಿರಬಹುದು. ಅವಳ ಮಗಳು ರಾಜಧಾನಿಯಲ್ಲಿ ‘ಓದುತ್ತಿರಬಹುದು’. ಮೊದಲ ಅಧ್ಯಾಯದಲ್ಲಿ ಒಂದು ಸಾಲು ಹಾಕಿಟ್ಟರೆ ಸಾಕು, ಬಾಗಿಲ ಹತ್ತಿರ ಬಂದಾಗ ಓದುಗರಿಗೆ ತಾನಾಗೇ ನೆನಪಾಗುತ್ತದೆ.

ಮನೆ ಅಂದಾಗ ಇನ್ನೊಂದು ಮಾತು. ನಿಮ್ಮ ಕಥೆಯಲ್ಲಿ ಮನೆಯವರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆ. ಯಾವ ಮನೆಯಲ್ಲಿ ಹಾಗಿರುತ್ತದೆ? ಅವ್ವ ‘ಮಗನ್ನ ಒಳಗೆ ಕರ್ಕೋ’ ಅನ್ನಬಹುದು. ಚಿಕ್ಕಪ್ಪನ ಇಬ್ಬರು ಮಕ್ಕಳು ಅದೇ ದಂಡಿನ ಕೈಲಿ ಸತ್ತಿರಬಹುದು, ಆತ ‘ಅವನು ನಮ್ಮವನಲ್ಲ’ ಅನ್ನಬಹುದು. ಅವನ ಮಾತೂ ಮನೆಯ ಮಾತೇ. ಕೊನೆಯ ಮದಕರಿ ನಾಯಕನನ್ನೇ ನೋಡಿ. ಅವನಿಗಿಂತ ಮೊದಲು ದುರ್ಗ ಆಳಿದ ಕಸ್ತೂರಿ ರಂಗಪ್ಪ ನಾಯಕನಿಗೆ ಮಕ್ಕಳಿರಲಿಲ್ಲ. 1754ರಲ್ಲಿ ಜಾನಕಲ್ಲಿನ ಮನೆಯ ಹುಡುಗನನ್ನು ತಂದು ಪಟ್ಟಕ್ಕೆ ಕೂರಿಸಿದರು. ಅಲ್ಲಿಂದ 25 ವರ್ಷ ಅವನಿಗೆ ದುರ್ಗವೇ ಮನೆ. ಹುಟ್ಟಿದ ಮನೆ ಒಂದು, ಪಟ್ಟ ಕೊಟ್ಟ ಮನೆ ಇನ್ನೊಂದು. ಅವನ ಕರ್ತವ್ಯ ಯಾರಿಗೆ ಅನ್ನುವುದೂ ಸರಳವಾಗಿರಲಿಲ್ಲ, ಒಂದು ಕಡೆ ಹೈದರಾಲಿ, ಇನ್ನೊಂದು ಕಡೆ ಮರಾಠರು, ಇಬ್ಬರೂ ತಮ್ಮ ಕಡೆ ನಿಲ್ಲು ಅನ್ನುವವರು. ಚಿಕ್ಕ ದೊರೆಗಳ ಪಾಡು ಯಾವಾಗಲೂ ಇದೇ. ಅವರು ಬಾಗುವುದೂ ತಮ್ಮ ಜನರಿಗಾಗಿಯೇ, ಎದುರು ನಿಲ್ಲುವುದೂ ಜನರಿಗಾಗಿಯೇ. ನಿಮ್ಮ ಅಕ್ಕನೂ ಅಂಥ ಚಿಕ್ಕ ದೊರೆಯೇ, ಅದನ್ನು ಮರೆಯಬೇಡಿ. ಅವಳ ಮೇಲೆ ಮಹಾರಾಜ ಇದ್ದಾನೆ ಸರಿ, ಅವಳ ಕೆಳಗೆ ಯಾರಿದ್ದಾರೆ? ಮೂರು ಅಧ್ಯಾಯದಲ್ಲಿ ಕೋಟೆಯೊಳಗಿನ ಒಬ್ಬರ ಹೆಸರೂ ನನಗೆ ಸಿಗಲಿಲ್ಲ.

ದಯವಿಟ್ಟು ಒಂದು ದಿನ ದುರ್ಗಕ್ಕೆ ಬನ್ನಿ. ದಾವಣಗೆರೆಯಿಂದ ಒಂದು ಗಂಟೆ ಚಿಲ್ಲರೆ ದಾರಿ ಅಷ್ಟೇ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಬಂದಿರುತ್ತೀರಿ, ಈ ಸಲ ಕಾದಂಬರಿಕಾರ್ತಿಯಾಗಿ ಬನ್ನಿ. ಏಳು ಸುತ್ತಿನ ಗೋಡೆ ನೋಡಿ, ಬಾಗಿಲ ದಾರಿಗಳು ನೇರ ಇಲ್ಲದೆ ತಿರುಗಿ ತಿರುಗಿ ಹೋಗುವುದನ್ನು ನೋಡಿ. ಸಿಡಿಮದ್ದು ಬೀಸುತ್ತಿದ್ದ ಆ ದೊಡ್ಡ ಕಲ್ಲುಗಳ ಹತ್ತಿರ ನಿಂತು, ಇದನ್ನು ತಿರುಗಿಸುತ್ತಿದ್ದವರು ಯಾರಿರಬಹುದು ಅಂತ ಕೇಳಿಕೊಳ್ಳಿ. ಎಣ್ಣೆ ಕೊಳ, ತುಪ್ಪದ ಕೊಳ, ಕಣಜಗಳು, ಗರಡಿಮನೆ, ಗುಡಿಗಳು. ಮೇಲೆ ಗೋಪಾಲಸ್ವಾಮಿ ಹೊಂಡ, ಅದರ ಕೆಳಗೆ ಅಕ್ಕ ತಂಗಿ ಹೊಂಡ. ಮೇಲೆ ಬಿದ್ದ ಮಳೆ ನೀರು ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ಕೋಟೆ ಅಂದರೆ ಬರೀ ಗೋಡೆಯಲ್ಲ. ಅದೊಂದು ಊರು. ಮುತ್ತಿಗೆ ಅಂದರೆ ಆ ಊರಿನ ನೀರು, ಕಾಳು, ಉಪ್ಪು, ಸೌದೆ ದಿನಕ್ಕಿಷ್ಟು ಇಳಿಯುತ್ತಾ ಹೋಗುವುದು. ನಿಮ್ಮ ಮುತ್ತಿಗೆ ಅಧ್ಯಾಯದಲ್ಲಿ ಬಾಣಗಳಿವೆ, ಬೆಂಕಿ ಇದೆ, ಹಸಿದ ಕೂಸು ಒಂದೂ ಇಲ್ಲ. ಯಾವುದು ಮೊದಲು ಮುಗಿಯುತ್ತದೆ ಅಂತ ನಿರ್ಧಾರ ಮಾಡಿ. ನಾನಾದರೆ ಉಪ್ಪು ಮುಗಿಸುತ್ತೇನೆ. ನೀರು ಮುಗಿದರೆ ಎರಡೇ ದಿನದಲ್ಲಿ ಕಥೆ ಮುಗಿಯುತ್ತದೆ, ಉಪ್ಪು ಮುಗಿದರೆ ಜನ ಸಿಡುಕುತ್ತಾರೆ, ಜಗಳ ಆಡುತ್ತಾರೆ, ಬಾಗಿಲ ಕಡೆ ನೋಡಲು ಶುರು ಮಾಡುತ್ತಾರೆ.

ಬಾಗಿಲು ಕಾಯುವವನ ಬಗ್ಗೆಯೂ ಬರೆಯಿರಿ. ಅವನಿಗೂ ಹೊರಗೆ ಒಬ್ಬ ತಮ್ಮ ಇದ್ದ, ಹೋದ ತಿಂಗಳು ಸೌದೆ ತರಲು ಹೋಗಿ ಸಿಕ್ಕಿಬಿದ್ದ, ಬಾಗಿಲು ತೆಗೆಯಲು ಅಕ್ಕನೇ ಒಪ್ಪಲಿಲ್ಲ ಅಂತ ಇಟ್ಟುಕೊಳ್ಳಿ. ಅವತ್ತು ಅವಳು ‘ಕೋಟೆ ದೊಡ್ಡದು’ ಅಂದಿದ್ದಳು. ಇವತ್ತು ಹೊರಗೆ ನಿಂತಿರುವುದು ಅವಳ ತಮ್ಮ. ಕಾವಲುಗಾರ ಏನೂ ಮಾತಾಡುವುದಿಲ್ಲ, ಅವಳ ಮುಖ ನೋಡುತ್ತಾನೆ ಅಷ್ಟೇ. ಇಷ್ಟು ಬರೆದ ಮೇಲೆ ಗೆಳತಿಯರಿಗೆ ಕೊಡಿ. ‘ತೆಗೀಬೇಕಪ್ಪ’ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ದೊಡ್ಡ ಮನೆಯವರು ಮನೆಯ ಪ್ರೀತಿಗಾಗಿ ಮಾತು ತಪ್ಪಿದರೆ ಅದರ ಬೆಲೆ ಕೊಡುವವರು ಸಾಮಾನ್ಯವಾಗಿ ಬೇರೆ ಮನೆಯವರು. ಯುದ್ಧದ ಕಥೆಗಳಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ ವಿಷಯ, ಬರೆಯುವವರು ಹೆಚ್ಚಾಗಿ ಬಿಡುವುದೂ ಇದನ್ನೇ.

ದುರ್ಗಕ್ಕೆ ಬಂದಾಗ ಓಬವ್ವನ ಕಿಂಡಿಯ ಹತ್ತಿರವೂ ಸ್ವಲ್ಪ ಹೊತ್ತು ಕೂತುಕೊಳ್ಳಿ. ಕಥೆ ನಿಮಗೆ ಗೊತ್ತು. ಕಾವಲು ಕೆಲಸ ಗಂಡ ಕಹಳೆ ಮುದ್ದ ಹನುಮನದು. ಅವನು ಊಟಕ್ಕೆ ಕೂತಿದ್ದ, ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ಸದ್ದು ಕೇಳಿಸಿಕೊಂಡಳು, ಒನಕೆ ಹಿಡಿದು ನಿಂತಳು. ನಾವು ಅವಳ ಶೌರ್ಯವನ್ನು ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಕಥೆ ಬರೆಯುವವರು ಇನ್ನೊಂದನ್ನೂ ನೋಡಬೇಕು. ಅವಳು ಯಾರಿಗೂ ಪ್ರಮಾಣ ಮಾಡಿರಲಿಲ್ಲ, ಸಂಬಳ ಅವಳದಲ್ಲ, ಹುದ್ದೆ ಅವಳದಲ್ಲ. ಆ ಕ್ಷಣದಲ್ಲಿ ಗಂಡ, ಮನೆ, ಕೋಟೆ ಮೂರೂ ಅವಳಿಗೆ ಒಂದೇ ಆಗಿದ್ದವು. ನಿಮ್ಮ ಲೋಕದಲ್ಲಿ ಕರ್ತವ್ಯ ಇರುವವರೆಲ್ಲ ಕಲ್ಲು ಮುಟ್ಟಿದವರು. ಕಲ್ಲು ಮುಟ್ಟದ ಒಬ್ಬಳನ್ನು ತನ್ನಿ. ಅಡುಗೆಮನೆಯವಳೋ, ನೀರು ಹೊರುವವಳೋ, ಯಾರಾದರೂ ಆಗಲಿ. ಅಕ್ಕ ಯೋಚಿಸುತ್ತಾ ನಿಂತಾಗ ಅವಳು ಏನೋ ಒಂದನ್ನು ಮಾಡಿಬಿಡಲಿ.

ಪ್ರಮಾಣ ಮನೆಯನ್ನೇ ನುಂಗಿದ ಕಥೆಯೂ ನಮ್ಮಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿ ಕುವರ ಲಕ್ಷ್ಮನ ಕಂಬ ಇದೆ. ಅವನು ಇಮ್ಮಡಿ ಬಲ್ಲಾಳನ ಗರುಡ. ಗರುಡರು ಅಂದರೆ ದೊರೆಯ ಜೊತೆಗೇ ಸಾಯುತ್ತೇವೆ ಅಂತ ಮಾತು ಕೊಟ್ಟವರು. 13ನೇ ಶತಮಾನದ ಆರಂಭದಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ ಪ್ರಾಣ ಬಿಟ್ಟ, ಅವನ ಹೆಂಡತಿ ಸುಗ್ಗಲದೇವಿಯೂ ಅದೇ ಪ್ರಮಾಣದಲ್ಲಿ ಜೊತೆಯಾದಳು. ಆ ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಚಿತ್ರಗಳಿವೆ. ನನಗೆ ಅದನ್ನು ನೋಡಿದಾಗ ಗೌರವವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ. ಎರಡೂ ನಿಜ. ನಿಮ್ಮ ಪ್ರಮಾಣದ ಕಲ್ಲಿನ ಮುಂದೆ ಓದುಗರಿಗೆ ಈ ಎರಡೂ ಒಟ್ಟಿಗೆ ಆಗಬೇಕು.

ಅದಕ್ಕೇ ಮಂತ್ರದ ವಿಷಯಕ್ಕೆ ಬರುತ್ತೇನೆ. ಮಾತು ತಪ್ಪಿದವಳು ಕಲ್ಲಾಗುತ್ತಾಳೆ ಅಂತ ಇಟ್ಟಿದ್ದೀರಿ. ಹಾಗಾದರೆ ಅವಳು ಬಾಗಿಲು ತೆಗೆಯದೇ ಇರುವುದು ನಿಷ್ಠೆಯಿಂದಲೋ, ಭಯದಿಂದಲೋ? ಓದುಗರಿಗೆ ತಿಳಿಯುವುದಿಲ್ಲ, ಅವಳಿಗೂ ತಿಳಿಯುವುದಿಲ್ಲ. ಶಿಕ್ಷೆ ತನ್ನ ಮೇಲೇ ಬೀಳುವುದಾದರೆ ಪ್ರೀತಿ ಇರುವವಳು ಅದನ್ನು ಹೊತ್ತುಕೊಂಡು ಬಾಗಿಲು ತೆಗೆದುಬಿಡುತ್ತಾಳೆ, ಅದು ತ್ಯಾಗವಾಗಿ ಚೆಂದವಾಗಿ ಮುಗಿದುಹೋಗುತ್ತದೆ. ಬದಲಿಗೆ ಹೀಗೆ ಮಾಡಿ. ಮಾತು ತಪ್ಪಿದರೆ ಆ ಕಲ್ಲಿನ ಕೆಳಗಿನಿಂದ ಹುಟ್ಟುವ ಊಟೆ ಬತ್ತುತ್ತದೆ, ಕೋಟೆಯ ಹೊಂಡಗಳೆಲ್ಲ ಅದರಿಂದಲೇ ತುಂಬುವುದು. ಅವಳ ಮೈಗೆ ಏನೂ ಆಗುವುದಿಲ್ಲ. ಅವಳ ಜನರಿಗೆ ಆಗುತ್ತದೆ. ಈಗ ಮಂತ್ರ ಅವಳ ಆಯ್ಕೆಯನ್ನು ಕಿತ್ತುಕೊಳ್ಳುವುದಿಲ್ಲ, ಇನ್ನೂ ಭಾರ ಮಾಡುತ್ತದೆ. ಮತ್ತೆ ಕೊನೆಯಲ್ಲಿ ಯಾವುದೋ ಮುನಿ ಬಂದು ಶಾಪ ಬಿಡಿಸುವ ಹಾಗೆ ಮಾತ್ರ ಮಾಡಬೇಡಿ, ಕೈಮುಗಿದು ಕೇಳುತ್ತೇನೆ.

ಹಾಗಾದರೆ ಅವಳು ಏನು ಮಾಡಬೇಕು? ಕೇಳಿದ್ದೀರಿ, ಹೇಳುತ್ತೇನೆ. ಕರ್ಣನನ್ನು ನೆನೆಸಿಕೊಳ್ಳಿ. ನಮ್ಮ ಕಡೆ ಹಳ್ಳಿಗಳಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಕರ್ಣ ಅಂದರೆ ಈಗಲೂ ಗಂಟಲು ಕಟ್ಟುತ್ತದೆ. ಕುಂತಿ ಬಂದು ನೀನು ನನ್ನ ಮಗ ಅಂದಾಗ ಅವನು ಪಾಂಡವರ ಕಡೆ ಬರಲಿಲ್ಲ. ಯಾಕೆ? ಅವನ ಕರ್ತವ್ಯಕ್ಕೆ ಮುಖ ಇತ್ತು, ದುರ್ಯೋಧನನ ಮುಖ. ತುಂಬಿದ ಸಭೆ ಕುಲ ಕೇಳಿ ಅವಮಾನ ಮಾಡಿದ ದಿನ ಎದ್ದು ಬಂದು ಅಂಗರಾಜ್ಯ ಕೊಟ್ಟವನ ಮುಖ. ಹಾಗಂತ ತಾಯಿಯನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಅಂತ ಮಾತು ಕೊಟ್ಟ. ಋಣ ಇದ್ದ ಕಡೆ ನಿಂತ, ರಕ್ತಕ್ಕೆ ತನ್ನಿಂದ ಆಗುವಷ್ಟು ಕೊಟ್ಟ, ಎರಡೂ ಕಡೆಗೂ ಬೆಲೆ ತೆತ್ತ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಅಕ್ಕ ಬಾಗಿಲು ತೆಗೆಯಬಾರದು. ಬಾಗಿಲು ಕಾಯುವವನ ತಮ್ಮನಿಗೆ ಮುಚ್ಚಿದ ಬಾಗಿಲನ್ನು ತನ್ನ ತಮ್ಮನಿಗೆ ತೆಗೆದರೆ ಅವಳು ಒಡತಿಯಾಗಿ ಉಳಿಯುವುದಿಲ್ಲ. ಆದರೆ ತಮ್ಮನಿಗೆ ಅವಳು ಏನೋ ಒಂದನ್ನು ಕೊಡಲೇಬೇಕು, ಕೊಟ್ಟದ್ದಕ್ಕೆ ಮುಂದೆ ಮಹಾರಾಜನಿಗೆ ಉತ್ತರ ಹೇಳಬೇಕಾಗಿ ಬರಬೇಕು. ಅದು ಏನು ಅಂತ ನಾನು ಹೇಳಿದರೆ ಅದು ನನ್ನ ಕಥೆಯಾಗುತ್ತದೆ, ನೀವೇ ಹುಡುಕಿ. ನಿಮಗೆ ತೆಗೆಯಲೇಬೇಕು ಅನಿಸಿದರೂ ಸರಿ, ಬರೆಯಿರಿ, ಆದರೆ ಎರಡು ಕಳ್ಳದಾರಿ ಹಿಡಿಯಬೇಡಿ. ಒಂದು, ಮಹಾರಾಜ ಮೊದಲಿಂದಲೂ ದುಷ್ಟನಾಗಿದ್ದ ಅಂತ ಕೊನೆಗೆ ಬಯಲಾಗುವುದು. ಇನ್ನೊಂದು, ತಮ್ಮ ಒಳಗೊಳಗೇ ನಮ್ಮ ಕಡೆಯವನಾಗಿದ್ದ ಅನ್ನುವುದು. ಇವೆರಡರಲ್ಲಿ ಯಾವುದನ್ನು ತಂದರೂ ಅವಳು ಪಟ್ಟ ಸಂಕಟವೆಲ್ಲ ಸುಮ್ನೆ ಆಗಿಹೋಗುತ್ತದೆ.

ಕೊನೆಯದಾಗಿ ಸಂಭಾಷಣೆ. ಬಾಗಿಲ ಮುಂದೆ ತಮ್ಮ ಅವಳನ್ನು ಏನಂತ ಕರೆಯುತ್ತಾನೆ? ನೀವು ಶುರುವಿನಿಂದ ಕೊನೆತನಕ ‘ಅಕ್ಕಾ’ ಅನ್ನಿಸಿದ್ದೀರಿ. ಅವನ ಹಿಂದೆ ಸಾವಿರ ಜನ ಕೇಳಿಸಿಕೊಳ್ಳುತ್ತಿದ್ದಾರೆ, ಗೋಡೆಯ ಮೇಲೆ ಅವಳ ಜನ ಇದ್ದಾರೆ. ಅಲ್ಲಿ ಅವನು ‘ತಾವು’ ಅನ್ನಬೇಕು, ಕೋಟೆಯ ಒಡತಿ ಅಂತಲೇ ಮಾತಾಡಿಸಬೇಕು, ಅವಳೂ ‘ದಂಡನಾಯಕರೇ’ ಅಂತ ಬಹುವಚನದಲ್ಲೇ ಉತ್ತರ ಕೊಡಬೇಕು. ಆ ಇಡೀ ಮಾತುಕತೆಯಲ್ಲಿ ‘ಅಕ್ಕಾ’ ಒಂದೇ ಒಂದು ಸಲ ಬರಲಿ. ಯಾವ ಸಾಲಿನಲ್ಲಿ ಅನ್ನುವುದನ್ನು ಬಹಳ ಯೋಚನೆ ಮಾಡಿ ಇಡಿ. ಮೊದಲು ಈ ಬಾಗಿಲ ಅಧ್ಯಾಯವನ್ನು ಕಾವಲುಗಾರನ ಕಣ್ಣಿಂದ ಒಂದು ಸಲ ಬರೆದು ನೋಡಿ, ಆಮೇಲೆ ಅಕ್ಕನ ಕಣ್ಣಿಂದ ಬರೆಯಿರಿ. ಎರಡನ್ನೂ ಕಳಿಸಿ. ಮೊದಲ ಮೂರು ಅಧ್ಯಾಯ ತಿದ್ದುವುದನ್ನು ಆಮೇಲೆ ನೋಡೋಣ.